ಚಿತ್ರವೆಂಬ ಸಾಕ್ಷ್ಯ: ನರವಿಜ್ಞಾನದ ಇತಿಹಾಸದಲ್ಲಿ ರೇಖಾಚಿತ್ರದ ಸ್ಥಾನ

ಪ್ರೌಢಶಾಲೆಯಲ್ಲಿ ವಿಜ್ಞಾನ ಓದಿದ ಯಾರಿಗೂ ನರಕೋಶದ ಚಿತ್ರ ಅಪರಿಚಿತವಲ್ಲ. ನಕ್ಷತ್ರದಂತೆ ಕವಲೊಡೆದ ಕೋಶಕಾಯ, ಅದರಿಂದ ಹೊರಟ ಉದ್ದನೆಯ ಆಕ್ಸಾನ್, ಅದರ ತುದಿಯಲ್ಲಿ ಕಿರುಗವಲುಗಳು, ಅವುಗಳ ಆಚೆಗೆ ತುಸು ತೆರವು ಬಿಟ್ಟು ಮತ್ತೊಂದು ಕೋಶ. 'ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಎಂಬ ಪ್ರಶ್ನೆಗೆ ಉತ್ತರವಾಗಿ ನಮ್ಮ ವಿದ್ಯಾರ್ಥಿಗಳು ತಲೆಮಾರುಗಳಿಂದ ಈ ಚಿತ್ರವನ್ನು ಬರೆಯುತ್ತ ಬಂದಿದ್ದಾರೆ. ಎರಡು ಕೋಶಗಳ ನಡುವೆ ಪೆನ್ಸಿಲನ್ನು ಒಮ್ಮೆ ಎತ್ತಿ ಮತ್ತೆ ಇಡುವ ಆ ಕಿರಿದಾದ ಜಾಗ ಅರ್ಧ ಶತಮಾನಕ್ಕೂ ಮಿಕ್ಕಿದ ವಿವಾದದ ಫಲವೆಂಬುದು ಬರೆಯುವವರಿಗೆ ತಿಳಿದಿರುವುದಿಲ್ಲ. ಆ ತೆರವನ್ನು ಮೊದಲು ಚಿತ್ರದಲ್ಲಿ ಬಿಟ್ಟವರು ಅದನ್ನು ಕಣ್ಣಾರೆ ಕಂಡಿರಲಿಲ್ಲ. ಕಾಣಲು ಸಾಧ್ಯವೂ ಇರಲಿಲ್ಲ. ಹಾಗಾದರೆ ಅವರು ಬರೆದದ್ದು ಸಾಕ್ಷ್ಯವೋ, ಊಹೆಯೋ? ವಿಜ್ಞಾನದ ಚಿತ್ರವನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಗಳನ್ನು ಮೆದುಳಿನ ಅಧ್ಯಯನದ ಇತಿಹಾಸದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಶಾಸನಗಳೊಡನೆ ಒಡನಾಡುವ ನಮ್ಮ ಇತಿಹಾಸಕಾರರಿಗೆ ಈ ಪ್ರಶ್ನೆ ಹೊಸದಲ್ಲ. ಕಲ್ಲಿನ ಮೇಲಿನ ಬರಹವನ್ನು ಕಣ್ಣಿನಿಂದ ನೋಡಿ ಬರೆದುಕೊಂಡ ನಕಲಿಗೂ ಕಾಗದವನ್ನು ಒತ್ತಿ ತೆಗೆದ ಪಡಿಯಚ್ಚಿಗೂ ಇರುವ ಅಂತರವನ್ನು ಅವರು ಬಲ್ಲರು. ನಕಲು ಮಾಡುವವನು ಸವೆದ ಅಕ್ಷರವನ್ನು ತನಗೆ ತಿಳಿದ ಪದಕ್ಕೆ ಹೊಂದಿಸಿ ಓದುವುದುಂಟು. ಪಡಿಯಚ್ಚು ಕೈಯಲ್ಲಿದ್ದಾಗಲೂ ಓದಿನಲ್ಲಿ ಭಿನ್ನಾಭಿಪ್ರಾಯ ಉಳಿಯುವುದುಂಟು. ಹಲ್ಮಿಡಿ ಶಾಸನದ ಪಾಠವನ್ನು ಕುರಿತ ಚರ್ಚೆಗಳೇ ಇದಕ್ಕೆ ನಿದರ್ಶನ. ಮೆದುಳನ್ನು ಚಿತ್ರಿಸಿದವರೂ ಇದೇ ಬಗೆಯ ಇಕ್ಕಟ್ಟಿನಲ್ಲಿ ಕೆಲಸ ಮಾಡಿದರು.

ಪರಂಪರೆಯ ಚಿತ್ರ, ಪರೀಕ್ಷೆಯ ಚಿತ್ರ

ಮಧ್ಯಯುಗದ ಯೂರೋಪಿನಲ್ಲಿ ಬುದ್ಧಿಯ ನೆಲೆ ಮೆದುಳಿನ ಒಳಗಿನ ಟೊಳ್ಳುಗಳಲ್ಲಿದೆ ಎಂಬ ನಂಬಿಕೆ ಪ್ರಚಲಿತವಾಗಿತ್ತು. ಹಣೆಯ ಹಿಂದಿನಿಂದ ತಲೆಯ ಹಿಂಭಾಗದವರೆಗೆ ಸಾಲಾಗಿ ಮೂರು ಕುಹರಗಳಿದ್ದು, ಗ್ರಹಿಕೆ, ಆಲೋಚನೆ, ಸ್ಮೃತಿಗಳು ಅವುಗಳಲ್ಲಿ ನೆಲೆಸಿವೆ ಎಂದು ಭಾವಿಸಲಾಗಿತ್ತು. ಲಿಯೊನಾರ್ಡೊ ಡ ವಿಂಚಿ ಅವರು ಸುಮಾರು 1490ರಲ್ಲಿ ಬರೆದ ತಲೆಯ ಚಿತ್ರದಲ್ಲಿಯೂ ಈ ಮೂರು ಕುಹರಗಳು ಒಂದರ ಹಿಂದೊಂದಾಗಿ ಜೋಡಣೆಗೊಂಡಿವೆ. ಅಸಾಧಾರಣ ವೀಕ್ಷಕರೆಂದು ಹೆಸರಾದ ಅವರೂ ಇಲ್ಲಿ ಬರೆದದ್ದು ಕಂಡದ್ದನ್ನಲ್ಲ, ಕೇಳಿದ್ದನ್ನು.

ಸುಮಾರು 1506ರಿಂದ 1508ರ ಅವಧಿಯಲ್ಲಿ ಅವರು ಬೇರೆ ದಾರಿ ಹಿಡಿದರು. ಎತ್ತಿನ ಮೆದುಳಿನ ಕುಹರಗಳಿಗೆ ಕರಗಿದ ಮೇಣವನ್ನು ತುಂಬಿ, ಅದು ಗಟ್ಟಿಯಾದ ಮೇಲೆ ಸುತ್ತಲಿನ ಅಂಗಾಂಶವನ್ನು ಬಿಡಿಸಿ, ಟೊಳ್ಳಿನ ನಿಜವಾದ ಆಕಾರವನ್ನು ಪಡೆದರು. ಲೋಹದ ವಿಗ್ರಹ ಎರಕ ಹೊಯ್ಯುವವರ ಕೌಶಲವನ್ನು ಅಂಗರಚನೆಯ ಅಧ್ಯಯನಕ್ಕೆ ಬಳಸಿದ ಪ್ರಯೋಗವಿದು. ಆ ಬಳಿಕ ಬರೆದ ಚಿತ್ರಗಳಲ್ಲಿ ಸಾಲುಗುಳ್ಳೆಗಳಂತಹ ಮೂರು ಕುಹರಗಳಿಲ್ಲ. ಬಾಗಿದ ಕೊಂಬುಗಳುಳ್ಳ ಸಂಕೀರ್ಣ ಆಕೃತಿಯಿದೆ. ಕೈಯ ನೈಪುಣ್ಯ ಎರಡೂ ಬಾರಿ ಒಂದೇ ಆಗಿತ್ತು. ಬದಲಾದದ್ದು ಕೈಯ ಹಿಂದಿನ ಪರೀಕ್ಷೆ. ಆದರೆ ಈ ಹಾಳೆಗಳು ಅವರ ಕಾಲದಲ್ಲಿ ಪ್ರಕಟವಾಗದೆ ಉಳಿದುದರಿಂದ ಮುಂದಿನ ವಿದ್ವಾಂಸರಿಗೆ ಅವು ಒದಗಲಿಲ್ಲ.

ಮುದ್ರಣದ ಮೂಲಕ ವಿದ್ವತ್ ಲೋಕವನ್ನು ಮುಟ್ಟಿದ ಚಿತ್ರಗಳು ಆಂಡ್ರಿಯಾಸ್ ವೆಸೇಲಿಯಸ್ ಅವರವು. 1538ರಲ್ಲಿ ವೆನಿಸ್‌ನಲ್ಲಿ ಪ್ರಕಟವಾದ ಆರು ಅಂಗರಚನಾ ಫಲಕಗಳಲ್ಲಿ ಅವರು ಮಾನವನ ಮೆದುಳಿನ ತಳದಲ್ಲಿ 'ಅದ್ಭುತ ಜಾಲ'ವೆಂಬ ರಕ್ತನಾಳಗಳ ಹೆಣಿಗೆಯೊಂದನ್ನು ತೋರಿಸಿದ್ದರು. ಸುಮಾರು ಹದಿಮೂರು ಶತಮಾನಗಳ ಹಿಂದೆ ಗ್ಯಾಲನ್ ವಿವರಿಸಿದ್ದ ರಚನೆಯದು. ಗ್ಯಾಲನ್ ಛೇದಿಸಿದ್ದು ಮುಖ್ಯವಾಗಿ ಪ್ರಾಣಿಗಳನ್ನು. ದನ ಕುರಿಗಳಲ್ಲಿ ಈ ಜಾಲವಿದೆ, ಮನುಷ್ಯರಲ್ಲಿಲ್ಲ. 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ತಮ್ಮ ಮಹಾಗ್ರಂಥ 'ಫ್ಯಾಬ್ರಿಕಾ'ದಲ್ಲಿ ವೆಸೇಲಿಯಸ್ ಈ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಗ್ಯಾಲನ್‌ನ ಮೇಲಿನ ಗೌರವದಿಂದ, ಮನುಷ್ಯನ ತಲೆಯನ್ನು ಛೇದಿಸಿ ತೋರಿಸುವಾಗಲೆಲ್ಲ ಕುರಿಯದೋ ಎತ್ತಿನದೋ ತಲೆಯೊಂದನ್ನು ಪಕ್ಕದಲ್ಲಿ ಇಟ್ಟುಕೊಂಡು ಆ ಜಾಲವನ್ನು ತೋರಿಸುತ್ತಿದ್ದೆನೆಂದು ಅವರು ಅಲ್ಲಿ ಹೇಳಿಕೊಂಡಿದ್ದಾರೆ. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಐದು ವರ್ಷಗಳ ಅಂತರದಲ್ಲಿ ತಾನು ಅಚ್ಚು ಹಾಕಿಸಿದ್ದನ್ನು ತಾನೇ ಅಲ್ಲಗಳೆದ ಈ ಪ್ರಾಮಾಣಿಕತೆ ಆ ಗ್ರಂಥದ ಸುಂದರ ಮರದಚ್ಚುಗಳಷ್ಟೇ ಮಹತ್ತ್ವದ್ದು.

ವಿಲ್ಲಿಸ್ ಮತ್ತು ರೆನ್

ಮುಂದಿನ ದೊಡ್ಡ ಹೆಜ್ಜೆಯನ್ನು ಇಂಗ್ಲೆಂಡಿನಲ್ಲಿ ಕಾಣುತ್ತೇವೆ. ಆಕ್ಸ್‌ಫರ್ಡಿನ ವೈದ್ಯ ಥಾಮಸ್ ವಿಲ್ಲಿಸ್ ಅವರ 'ಸೆರೆಬ್ರಿ ಅನಾಟಮಿ' 1664ರಲ್ಲಿ ಪ್ರಕಟವಾಯಿತು. ಅದರ ಚಿತ್ರಗಳನ್ನು ಬರೆದವರಲ್ಲಿ ಪ್ರಮುಖರು ಕ್ರಿಸ್ಟಫರ್ ರೆನ್. ಆಗ ಅವರು ಖಗೋಳಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಶಿಲ್ಪಿಯೆಂಬ ಕೀರ್ತಿ ಬಂದದ್ದು ಆಮೇಲೆ. ಮೆದುಳನ್ನು ತಲೆಬುರುಡೆಯೊಳಗೆ ಇದ್ದಂತೆಯೇ ಮೇಲಿನಿಂದ ಪದರ ಪದರವಾಗಿ ಕತ್ತರಿಸುವ ಹಳೆಯ ಕ್ರಮವನ್ನು ಬಿಟ್ಟು, ಅದನ್ನು ಇಡಿಯಾಗಿ ಹೊರತೆಗೆದು ತಳಭಾಗವನ್ನು ಮೇಲುಮುಖವಾಗಿಟ್ಟು ಬರೆದ ಚಿತ್ರ ಈ ಗ್ರಂಥದ ವೈಶಿಷ್ಟ್ಯ. ಮೆದುಳಿನ ತಳದಲ್ಲಿ ರಕ್ತನಾಳಗಳು ಒಂದನ್ನೊಂದು ಕೂಡಿ ರಚಿಸುವ ಬಳೆಯನ್ನು ಇಂದಿಗೂ 'ವಿಲ್ಲಿಸ್ ವೃತ್ತ' ಎಂದೇ ಕರೆಯುತ್ತಾರೆ.

ಈ ವೃತ್ತವನ್ನು ಮೊದಲು ಕಂಡವರು ವಿಲ್ಲಿಸ್ ಅಲ್ಲ. ಆದರೂ ಅವರ ಹೆಸರೇ ಉಳಿದುದಕ್ಕೆ ಕಾರಣವಿದೆ. ಅವರ ತಂಡ ಕುತ್ತಿಗೆಯ ಒಂದು ಬದಿಯ ರಕ್ತನಾಳಕ್ಕೆ ಬಣ್ಣದ ದ್ರವವನ್ನು ಸೇರಿಸಿ, ಅದು ಮತ್ತೊಂದು ಬದಿಯ ನಾಳಗಳಿಗೂ ಹರಡುವುದನ್ನು ನೋಡಿತು. ಒಂದು ನಾಳ ಮುಚ್ಚಿಹೋದರೂ ಉಳಿದವು ಮೆದುಳಿಗೆ ರಕ್ತ ಒದಗಿಸಬಲ್ಲವು ಎಂಬ ವಿವರಣೆ ಇದರಿಂದ ಹೊರಟಿತು. ಚಿತ್ರದಲ್ಲಿನ ಬಳೆಯಾಕಾರ ಕೇವಲ ಆಕಾರವಾಗಿ ಉಳಿಯದೆ ಒಂದು ಕಾರ್ಯದ ವಿವರಣೆಯಾಯಿತು. ರಚನೆ, ಪ್ರಯೋಗ, ಚಿತ್ರ ಈ ಮೂರೂ ಒಂದೆಡೆ ಸೇರಿದ ಅಪೂರ್ವ ನಿದರ್ಶನವಿದು.

ಕಪ್ಪು ಕ್ರಿಯೆ

ಬರಿಗಣ್ಣಿಗೆ ಕಾಣುವ ಮೆದುಳಿನ ಚಿತ್ರಣ ಹೀಗೆ ಪಕ್ವವಾದರೂ ಸೂಕ್ಷ್ಮದರ್ಶಕದ ಅಡಿಯಲ್ಲಿ ಅದು ಬಹುಕಾಲ ಒಗಟಾಗಿಯೇ ಉಳಿಯಿತು. ದೇಹದ ಇತರ ಅಂಗಗಳು ಜೀವಕೋಶಗಳಿಂದಾದವು ಎಂಬ ಸಿದ್ಧಾಂತ 1839ರ ವೇಳೆಗೆ ರೂಪುಗೊಂಡಿತ್ತು. ಮೆದುಳಿನಲ್ಲಿಯೂ ಕೋಶಗಳು ಕಂಡಿದ್ದವು. ಆದರೆ ಅವುಗಳಿಂದ ಹೊರಟ ನಾರುಗಳು ಎಲ್ಲಿ ಕೊನೆಗೊಳ್ಳುತ್ತವೆ ಎಂಬುದು ಕಾಣುತ್ತಿರಲಿಲ್ಲ. ಜರ್ಮನಿಯ ಆಟೊ ಡೈಟರ್ಸ್ ಸೂಕ್ಷ್ಮದರ್ಶಕದ ಕೆಳಗೆ ಒಂಟಿ ನರಕೋಶಗಳನ್ನು ಬಿಡಿಸಿ ತೆಗೆದು, ಪ್ರತಿಯೊಂದಕ್ಕೂ ಹಲವು ಕವಲುಗಳೂ ಒಂದೇ ಒಂದು ಉದ್ದನೆಯ ನಾರೂ ಇರುವುದನ್ನು ಚಿತ್ರಿಸಿದರು. 1863ರಲ್ಲಿ, ಇನ್ನೂ ಮೂವತ್ತು ತುಂಬುವ ಮುನ್ನವೇ, ಅವರು ತೀರಿಕೊಂಡರು. ಚಿತ್ರಗಳು 1865ರಲ್ಲಿ ಪ್ರಕಟವಾದವು. ಬಿಡಿಸುವಾಗ ಕವಲುಗಳ ತುದಿ ತುಂಡಾಗುತ್ತಿದ್ದುದರಿಂದ ಮುಖ್ಯ ಪ್ರಶ್ನೆ ಹಾಗೆಯೇ ಉಳಿಯಿತು. ಯೋಸೆಫ್ ಗೆರ್ಲಾಕ್ 1870ರ ದಶಕದ ಆರಂಭದಲ್ಲಿ ಕವಲುಗಳೆಲ್ಲ ಬೆಸೆದುಕೊಂಡು ಎಡೆಬಿಡದ ಒಂದೇ ಜಾಲವಾಗಿವೆ ಎಂದು ಪ್ರತಿಪಾದಿಸಿದರು.

ಈ ಸ್ಥಿತಿಯನ್ನು ಬದಲಿಸಿದವರು ಇಟಲಿಯ ಕ್ಯಾಮಿಲ್ಲೊ ಗಾಲ್ಜಿ. ಜೀವಕೋಶದೊಳಗಿನ 'ಗಾಲ್ಜಿ ಸಂಕೀರ್ಣ'ದ ಮೂಲಕ ಅವರ ಹೆಸರು ನಮಗೆ ಪರಿಚಿತ. ಅಬ್ಬಿಯಾಟೆಗ್ರಾಸೊ ಎಂಬ ಸಣ್ಣ ಊರಿನಲ್ಲಿ, ಗುಣವಾಗದ ರೋಗಿಗಳ ಆಸ್ಪತ್ರೆಯ ವೈದ್ಯರಾಗಿದ್ದಾಗ, ಅಡುಗೆಮನೆಯೊಂದನ್ನೇ ಪ್ರಯೋಗಾಲಯ ಮಾಡಿಕೊಂಡು ಅವರು ಕೆಲಸ ಮಾಡಿದರು. ಮೆದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ಗಟ್ಟಿಗೊಳಿಸಿ, ಬಳಿಕ ಸಿಲ್ವರ್ ನೈಟ್ರೇಟ್‌ನಲ್ಲಿ ಇಟ್ಟಾಗ ಕೆಲವು ಕೋಶಗಳು ಬುಡದಿಂದ ತುದಿಯವರೆಗೆ ಕಪ್ಪಾಗಿ, ಹಳದಿ ಹಿನ್ನೆಲೆಯ ಮೇಲೆ ಎದ್ದು ಕಂಡವು. 1873ರಲ್ಲಿ ಪ್ರಕಟವಾದ ಈ ವಿಧಾನಕ್ಕೆ 'ಕಪ್ಪು ಕ್ರಿಯೆ' ಎಂದು ಹೆಸರು. ಇದರ ಗುಣವಿರುವುದು ಅದು ತೋರಿಸುವುದರಲ್ಲಿ ಎಷ್ಟೋ, ಮರೆಮಾಡುವುದರಲ್ಲಿಯೂ ಅಷ್ಟೇ. ಮಾನವನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಎಲ್ಲವೂ ಬಣ್ಣ ಹಿಡಿದಿದ್ದರೆ ಕಾಣುತ್ತಿದ್ದುದು ಮಸಿಯ ಮುದ್ದೆ ಮಾತ್ರ. ಕಪ್ಪು ಕ್ರಿಯೆ ನೂರರಲ್ಲಿ ಕೆಲವನ್ನು ಮಾತ್ರ ಆರಿಸಿ ತೋರಿಸುತ್ತದೆ.

ಕಹಾಲ್: ಕುಂಚದಿಂದ ಸೂಕ್ಷ್ಮದರ್ಶಕಕ್ಕೆ

ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ ಹುಟ್ಟಿದ್ದು 1852ರಲ್ಲಿ. ಬಾಲ್ಯದಲ್ಲಿ ಅವರಿಗೆ ಚಿತ್ರಕಾರನಾಗುವ ಹಂಬಲವಿತ್ತು. ವೈದ್ಯರಾಗಿದ್ದ ತಂದೆಗೆ ಅದು ಒಪ್ಪಿಗೆಯಾಗಲಿಲ್ಲ. ಹುಡುಗನ ಹಟವನ್ನು ಮುರಿಯಲು ಕ್ಷೌರಿಕನಲ್ಲಿಗೂ ಚಮ್ಮಾರನಲ್ಲಿಗೂ ಕೆಲಸ ಕಲಿಯಲು ಕಳುಹಿಸಿದರು. ಕೊನೆಗೆ ಹಳೆಯ ಸ್ಮಶಾನದಿಂದ ಮೂಳೆಗಳನ್ನು ತಂದು, ಅವುಗಳನ್ನು ನೋಡಿ ಚಿತ್ರ ಬರೆಯುವಂತೆ ಮಗನಿಗೆ ಕಲಿಸಿದರು. ಚಿತ್ರದ ಮೇಲಿನ ಪ್ರೀತಿಯೇ ಕಹಾಲ್ ಅವರನ್ನು ಅಂಗರಚನಾಶಾಸ್ತ್ರಕ್ಕೆ ತಂದಿತು.

ಗಾಲ್ಜಿಯವರ ವಿಧಾನದ ಸ್ಲೈಡುಗಳನ್ನು ಅವರು ಮೊದಲು ನೋಡಿದ್ದು 1887ರಲ್ಲಿ, ಮ್ಯಾಡ್ರಿಡ್‌ನಲ್ಲಿ, ಲೂಯಿಸ್ ಸಿಮಾರ್ರೊ ಎಂಬ ವೈದ್ಯರ ಬಳಿ. ವಿಧಾನ ಪ್ರಕಟವಾಗಿ ಹದಿನಾಲ್ಕು ವರ್ಷಗಳಾಗಿದ್ದರೂ ಫಲಿತಾಂಶ ಅನಿಶ್ಚಿತವೆಂಬ ಕಾರಣಕ್ಕೆ ಹೆಚ್ಚಿನವರು ಅದನ್ನು ಕೈಬಿಟ್ಟಿದ್ದರು. ಕಹಾಲ್ ಅದಕ್ಕೆ ಎರಡು ಸುಧಾರಣೆಗಳನ್ನು ತಂದರು. ಮೊದಲನೆಯದು, ಬಣ್ಣ ಹಿಡಿಸುವ ಕ್ರಿಯೆಯನ್ನು ಎರಡು ಬಾರಿ ನಡೆಸುವುದು. ಎರಡನೆಯದು, ಬೆಳೆದ ಪ್ರಾಣಿಗಳ ಬದಲು ಭ್ರೂಣಗಳನ್ನೂ ಮರಿಗಳನ್ನೂ ಆರಿಸಿಕೊಳ್ಳುವುದು. ಬೆಳೆದ ಮೆದುಳಿನಲ್ಲಿ ಆಕ್ಸಾನ್‌ಗಳ ಸುತ್ತಲಿನ ಮೈಲಿನ್ ಹೊದಿಕೆ ಬಣ್ಣವನ್ನು ಒಳಕ್ಕೆ ಬಿಡುವುದಿಲ್ಲ. ಎಳೆಯ ಮೆದುಳಿನಲ್ಲಿ ಆ ಹೊದಿಕೆ ಇನ್ನೂ ಮೂಡಿರುವುದಿಲ್ಲ. ಕೋಶಗಳೂ ವಿರಳ, ಕವಲುಗಳೂ ಸರಳ.

1888ರ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಅವರು ಸ್ವಂತ ಖರ್ಚಿನಿಂದ ಒಂದು ತ್ರೈಮಾಸಿಕವನ್ನು ಆರಂಭಿಸಿದರು. ಮೊದಲ ಸಂಚಿಕೆಯ ಪ್ರತಿಗಳು ಕೇವಲ 60. ಅದರ ಚಿತ್ರಗಳು ಕಲ್ಲಚ್ಚಿನವು. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಬಂದ ಮುದ್ರಣ ವಿಧಾನವೇ ಅದು. ಹಕ್ಕಿಗಳ ಅನುಮಸ್ತಿಷ್ಕವನ್ನು ಕುರಿತ ಲೇಖನದಲ್ಲಿ ಅವರು ತೋರಿಸಿದ ಸಂಗತಿ ಕ್ರಾಂತಿಕಾರಿಯಾಗಿತ್ತು. ಕೆಲವು ಕೋಶಗಳ ಆಕ್ಸಾನ್ ತುದಿಗಳು ಪರ್ಕಿಂಜೆ ಕೋಶಗಳ ಕಾಯವನ್ನು ಬುಟ್ಟಿಯಂತೆ ಸುತ್ತುವರಿದು ಅಲ್ಲಿಯೇ ಕೊನೆಗೊಳ್ಳುತ್ತವೆ; ಅದರೊಳಗೆ ಬೆಸೆದುಕೊಳ್ಳುವುದಿಲ್ಲ. ನರಕೋಶಗಳು ಪ್ರತ್ಯೇಕ ಘಟಕಗಳಿರಬಹುದೆಂದು ವಿಲ್ಹೆಲ್ಮ್ ಹಿಸ್ ಹಾಗೂ ಆಗಸ್ಟ್ ಫೊರೆಲ್ ಅಷ್ಟರಲ್ಲಾಗಲೇ ಸೂಚಿಸಿದ್ದರು. ಆ ಸೂಚನೆಗೆ ಕಣ್ಣಿಗೆ ಕಾಣುವ ರೂಪ ದೊರೆತದ್ದು ಕಹಾಲ್ ಅವರ ಚಿತ್ರಗಳಲ್ಲಿ.

ಸ್ಪ್ಯಾನಿಷ್ ಭಾಷೆಯ ಕಿರುಪತ್ರಿಕೆಯನ್ನು ಓದುವವರು ವಿರಳವಾಗಿದ್ದರು. ಚಿತ್ರಗಳಿಗೆ ಭಾಷೆಯ ಗಡಿಯಿಲ್ಲ ಎನ್ನುತ್ತೇವೆ; ಆದರೆ ಚಿತ್ರಗಳನ್ನು ಕಂಡವರೂ ಒಡನೆಯೇ ನಂಬಲಿಲ್ಲ. 1889ರ ಅಕ್ಟೋಬರ್‌ನಲ್ಲಿ ಕಹಾಲ್ ಬರ್ಲಿನ್‌ನ ಅಂಗರಚನಾ ವಿದ್ವಾಂಸರ ಸಮಾವೇಶಕ್ಕೆ ತಮ್ಮ ಸ್ಲೈಡುಗಳನ್ನೇ ಒಯ್ದರು. ತಡವರಿಸುವ ಫ್ರೆಂಚ್‌ನಲ್ಲಿ ವಿವರಿಸುತ್ತ, ಒಬ್ಬೊಬ್ಬರನ್ನೇ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಆ ಕ್ಷೇತ್ರದ ಹಿರಿಯರಾದ ಆಲ್ಬರ್ಟ್ ಕೊಲ್ಲಿಕರ್ ಸ್ವತಃ ನೋಡಿ ಮನವರಿಕೆ ಮಾಡಿಕೊಂಡು ಅವರ ಬೆಂಬಲಕ್ಕೆ ನಿಂತರು. 1891ರಲ್ಲಿ ವಾಲ್ಡೇಯರ್ ಈ ಘಟಕಕ್ಕೆ 'ನ್ಯೂರಾನ್' ಎಂಬ ಹೆಸರನ್ನು ಬಳಕೆಗೆ ತಂದರು. ಚಿತ್ರ ಇಲ್ಲಿ ತೀರ್ಪಾಗಿರಲಿಲ್ಲ. 'ಬಂದು ನೋಡಿ' ಎಂಬ ಆಹ್ವಾನವಾಗಿತ್ತು. ಆ ಆಹ್ವಾನವನ್ನು ಸ್ಲೈಡುಗಳು ಎತ್ತಿಹಿಡಿದವು.

ಒಂದೇ ವಿಧಾನ, ಎರಡು ಚಿತ್ರ

ಗಾಲ್ಜಿ ಮಾತ್ರ ಇದನ್ನು ಒಪ್ಪಲಿಲ್ಲ. ಅವರ ಫಲಕಗಳೂ ಸೂಕ್ಷ್ಮವಾದವು, ಸುಂದರವಾದವು. ಡೆಂಡ್ರೈಟ್‌ಗಳು ಬೇರ್ಪಟ್ಟ ತುದಿಗಳುಳ್ಳವು ಎಂಬುದನ್ನು ಅವರೂ ಗುರುತಿಸಿದ್ದರು. ಆದರೆ ಅವು ಕೋಶಕ್ಕೆ ಪೋಷಣೆ ಒದಗಿಸುವ ಬೇರುಗಳೆಂದು ಭಾವಿಸಿದರು. ಆಕ್ಸಾನ್‌ನಿಂದ ಪಕ್ಕಗವಲುಗಳು ಒಡೆಯುತ್ತವೆ ಎಂಬುದನ್ನು ತೋರಿಸಿಕೊಟ್ಟವರು ಅವರೇ. ಆ ಕವಲುಗಳು ಕೂಡಿ ಮೆದುಳಿನಾದ್ಯಂತ ಹರಡಿದ ಜಾಲವಾಗುತ್ತವೆ ಎಂದು ತೀರ್ಮಾನಿಸಿದರು. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಪ್ರಶಸ್ತಿ ದೊರೆಯಿತು. ಡಿಸೆಂಬರ್ 11ರಂದು ಗಾಲ್ಜಿ ತಮ್ಮ ಉಪನ್ಯಾಸದಲ್ಲಿ ನ್ಯೂರಾನ್ ಸಿದ್ಧಾಂತವನ್ನು ಖಂಡಿಸಿದರು. ಮರುದಿನ ಕಹಾಲ್ ಅದೇ ಸಿದ್ಧಾಂತದ ಆಧಾರಗಳನ್ನು ಮಂಡಿಸಿದರು.

ಇಬ್ಬರಲ್ಲಿ ಒಬ್ಬರು ಕಂಡದ್ದನ್ನು ಬರೆದರು, ಇನ್ನೊಬ್ಬರು ಕಲ್ಪಿಸಿ ಬರೆದರು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ಸತ್ಯವಲ್ಲ. ಕಹಾಲ್ ಅವರ ಚಿತ್ರಗಳೂ ಒಂದೇ ನೋಟದ ನೇರ ಪ್ರತಿಗಳಲ್ಲ. ಕ್ಯಾಮೆರಾ ಲ್ಯೂಸಿಡಾ ಎಂಬ ಉಪಕರಣದ ಸಹಾಯದಿಂದ ರೇಖೆಗಳನ್ನು ಅನುಸರಿಸಿ ಬರೆದದ್ದೂ ಉಂಟು. ಹಲವು ಸ್ಲೈಡುಗಳಲ್ಲಿ ಚದುರಿ ಕಂಡ ಕೋಶಗಳನ್ನು ಒಂದೇ ಹಾಳೆಗೆ ತಂದು ಜೋಡಿಸಿದ್ದೂ ಉಂಟು. ಅವರು ಛಾಯಾಗ್ರಹಣದಲ್ಲಿ ಪಳಗಿದವರು. 1912ರಲ್ಲಿ ವರ್ಣ ಛಾಯಾಗ್ರಹಣವನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದವರು. ಆದರೂ ನರಕೋಶಗಳಿಗೆ ಪೆನ್ನನ್ನೇ ನಂಬಿದರು. ದಪ್ಪನೆಯ ಅಂಗಾಂಶದಲ್ಲಿ ಕವಲೊಂದು ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಇಳಿಯುತ್ತದೆ. ಛಾಯಾಚಿತ್ರ ಒಂದೇ ಪದರವನ್ನು ಹಿಡಿಯುತ್ತದೆ; ಸೂಕ್ಷ್ಮದರ್ಶಕದ ತಿರುಪನ್ನು ತಿರುಗಿಸುತ್ತ ನೋಡುವ ಕಣ್ಣು ಇಡೀ ಕವಲನ್ನು ಹಿಂಬಾಲಿಸಬಲ್ಲದು. ಅವರ ಚಿತ್ರಗಳಲ್ಲಿನ ಬಾಣದ ಗುರುತುಗಳಂತೂ ಪೂರ್ತಿಯಾಗಿ ತರ್ಕದ ಫಲ. ಸತ್ತ ಅಂಗಾಂಶದಲ್ಲಿ ಸಂದೇಶ ಹರಿಯುವ ದಿಕ್ಕು ಕಾಣುವುದಿಲ್ಲ. ಕಣ್ಣಿನ ಅಕ್ಷಿಪಟಲದಲ್ಲಿ ಸಂದೇಶ ಹೊರಗಿನಿಂದ ಒಳಕ್ಕೆ ಸಾಗಲೇಬೇಕು. ಅಲ್ಲಿ ಡೆಂಡ್ರೈಟ್‌ಗಳು ಯಾವ ಕಡೆಗಿವೆ, ಆಕ್ಸಾನ್ ಯಾವ ಕಡೆಗಿದೆ ಎಂಬುದನ್ನು ನೋಡಿ, ಸಂದೇಶ ಡೆಂಡ್ರೈಟ್‌ನಿಂದ ಆಕ್ಸಾನ್ ಕಡೆಗೆ ಹರಿಯುತ್ತದೆಂದು ಅವರು ನಿರ್ಣಯಿಸಿದರು.

ಕೋಶಗಳ ನಡುವಿನ ತೆರವಿನ ವಿಷಯವೂ ಹೀಗೆಯೇ. ಸಾಮಾನ್ಯ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೊಮೀಟರ್‌ಗಿಂತ ಕಿರಿದಾದ ಅಂತರವನ್ನು ಬೇರ್ಪಡಿಸಿ ತೋರಿಸಲಾರದು. ಸಿನಾಪ್ಸ್‌ನ ತೆರವು ಸುಮಾರು 20 ನ್ಯಾನೊಮೀಟರ್. ಅಂದರೆ ಒಂದು ಮಿಲಿಮೀಟರ್‌ನ ಐವತ್ತು ಸಾವಿರದಲ್ಲಿ ಒಂದು ಭಾಗ. ಗಾಲ್ಜಿ ರೇಖೆಯನ್ನು ಮುಂದುವರಿಸಿದರು, ಕಹಾಲ್ ನಿಲ್ಲಿಸಿದರು. ಇಬ್ಬರೂ ಕಣ್ಣಿನ ಎಲ್ಲೆಯನ್ನು ದಾಟಿಯೇ ನಿರ್ಧಾರ ಕೈಗೊಂಡಿದ್ದರು.

ಹಾಗಿದ್ದರೆ ಕಹಾಲ್ ಅವರ ಚಿತ್ರ ಗೆದ್ದದ್ದು ಹೇಗೆ? ಅದು ಹೆಚ್ಚು ಅಂದವಾಗಿತ್ತು ಎಂಬುದರಿಂದಲ್ಲ. ಅದು ತನ್ನನ್ನು ಪರೀಕ್ಷಿಸಲು ಇತರರಿಗೆ ದಾರಿ ಬಿಟ್ಟಿತು. ಹಕ್ಕಿಯಲ್ಲಿ ಕಂಡದ್ದನ್ನು ಅವರು ಸಸ್ತನಿಗಳಲ್ಲಿ ಹುಡುಕಿದರು; ಅನುಮಸ್ತಿಷ್ಕದಲ್ಲಿ ಕಂಡದ್ದನ್ನು ಅಕ್ಷಿಪಟಲದಲ್ಲಿ, ಬೆನ್ನುಹುರಿಯಲ್ಲಿ ಹುಡುಕಿದರು. ಡೆಂಡ್ರೈಟ್‌ಗಳ ಮೇಲೆ ಅವರು 1888ರಲ್ಲಿ ಬರೆದ ಸಣ್ಣ ಮುಳ್ಳುಗಳು ಬೆಳ್ಳಿಯ ಕಣಗಳು ಅಂಟಿಕೊಂಡು ಉಂಟಾದ ದೋಷವೆಂಬ ಆಕ್ಷೇಪ ಬಂದಾಗ, 1896ರಲ್ಲಿ ಬೆಳ್ಳಿಯನ್ನು ಬಳಸದ ಮೆಥಿಲೀನ್ ಬ್ಲೂ ವಿಧಾನದಿಂದ ಅವೇ ಮುಳ್ಳುಗಳನ್ನು ತೋರಿಸಿದರು. 1890ರಲ್ಲಿ ಭ್ರೂಣದ ಬೆನ್ನುಹುರಿಯಲ್ಲಿ, ಬೆಳೆಯುತ್ತಿರುವ ಆಕ್ಸಾನ್‌ನ ತುದಿಯಲ್ಲಿ ಶಂಕುವಿನಂತಹ ಉಬ್ಬನ್ನು ವಿವರಿಸಿದರು. ನಾರು ಒಂಟಿಯಾಗಿ ಬೆಳೆಯುತ್ತ ತನ್ನ ಗುರಿಯನ್ನು ಮುಟ್ಟುವುದಾದರೆ ಅದು ಜಾಲದ ಎಳೆಯಾಗಿರಲಾರದು. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ಅಂಗಾಂಶವನ್ನು ದೇಹದ ಹೊರಗೆ ಇರಿಸಿ, ಜೀವಂತ ನರನಾರು ಹಾಗೆಯೇ ಬೆಳೆಯುವುದನ್ನು ಕಂಡರು. ಕೊನೆಗೆ 1950ರ ದಶಕದ ಮಧ್ಯಭಾಗದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ತೆರವನ್ನೇ ಕಣ್ಣೆದುರು ತಂದಿತು. ಅಷ್ಟರಲ್ಲಿ ಗಾಲ್ಜಿ ತೀರಿಕೊಂಡು ಸುಮಾರು ಮೂವತ್ತು ವರ್ಷಗಳೂ ಕಹಾಲ್ ತೀರಿಕೊಂಡು ಇಪ್ಪತ್ತು ವರ್ಷಗಳೂ ಕಳೆದಿದ್ದವು.

ಗೆದ್ದವರ ಚಿತ್ರವೂ ಪೂರ್ಣವಾಗಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಮೆದುಳಿನ ಪೋಷಕ ಕೋಶಗಳಲ್ಲಿ ಎರಡು ಮುಖ್ಯ ಬಗೆಗಳು ಕಹಾಲ್ ಬಳಸಿದ ವರ್ಣಕಗಳಿಗೆ ಸ್ಪಷ್ಟವಾಗಿ ಸಿಗಲಿಲ್ಲ. ಅವರ ಪರಂಪರೆಯಲ್ಲಿಯೇ ಬೆಳೆದ ಪಿಯೊ ಡೆಲ್ ರಿಯೊ ಓರ್ತೆಗಾ 1919ರಿಂದ 1921ರ ನಡುವೆ ಬೇರೆ ವಿಧಾನದಿಂದ ಅವುಗಳನ್ನು ಬಿಡಿಸಿ ತೋರಿಸಿದರು. 1959ರಲ್ಲಿ ಕೆಲವು ನರಕೋಶಗಳ ನಡುವೆ ವಿದ್ಯುತ್ ಸಂಕೇತ ನೇರವಾಗಿ ದಾಟುತ್ತದೆ ಎಂಬುದೂ ಸಿದ್ಧವಾಯಿತು. ಕೋಶಗಳು ಪ್ರತ್ಯೇಕವೆಂಬ ಸಿದ್ಧಾಂತಕ್ಕೆ ಇದರಿಂದ ಭಂಗ ಬರಲಿಲ್ಲ; ಆದರೆ ಗಾಲ್ಜಿಯವರ ದೃಷ್ಟಿಯನ್ನು ಪೂರ್ತಿಯಾಗಿ ತಳ್ಳಿಹಾಕುವ ಉತ್ಸಾಹಕ್ಕೆ ಒಂದು ಮಿತಿ ಬಂತು.

ಇಂದಿನ ಚಿತ್ರಗಳು

ಯಂತ್ರಗಳು ಬಂದ ಮೇಲೆ ಈ ತೊಡಕು ಮುಗಿಯಿತೆಂದು ಭಾವಿಸುವಂತಿಲ್ಲ. 2024ರಲ್ಲಿ ಹಣ್ಣುನೊಣದ ಇಡೀ ಮೆದುಳಿನ ನಕ್ಷೆ ಪ್ರಕಟವಾಯಿತು. ಸುಮಾರು 1,39,000 ನರಕೋಶಗಳು, ಐದು ಕೋಟಿಗೂ ಮಿಕ್ಕಿದ ಸಂಪರ್ಕಗಳು ಅದರಲ್ಲಿವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಗಣಕಯಂತ್ರ ಎಳೆಗಳನ್ನು ಹಿಂಬಾಲಿಸಿದರೂ, ಎಲ್ಲಿ ತಪ್ಪಾಗಿ ಬೆಸೆದಿದೆ, ಎಲ್ಲಿ ತಪ್ಪಾಗಿ ತುಂಡರಿಸಿದೆ ಎಂದು ತಿದ್ದಲು ನೂರಾರು ಮಂದಿಯ ಕಣ್ಣು ಬೇಕಾಯಿತು. ರೇಖೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬ ಗಾಲ್ಜಿ ಮತ್ತು ಕಹಾಲ್ ಕಾಲದ ಪ್ರಶ್ನೆಯೇ ಇಲ್ಲಿ ಮತ್ತೆ ಎದುರಾಯಿತು. ಆ ನಕ್ಷೆಯಲ್ಲಿ ಕೋಶಗಳಿಗೆ ಹಚ್ಚಿದ ಬಗೆಬಗೆಯ ಬಣ್ಣಗಳಾದರೂ ನಮ್ಮ ಅನುಕೂಲಕ್ಕೆ ನಾವು ಕೊಟ್ಟವು.

ಪತ್ರಿಕೆಗಳಲ್ಲಿ ಕಾಣುವ, ಮೆದುಳಿನ ಕೆಲವು ಭಾಗಗಳು ಕೆಂಪಗೆ ಹೊಳೆಯುವ ಸ್ಕ್ಯಾನ್ ಚಿತ್ರಗಳು ಇನ್ನೂ ಹೆಚ್ಚಿನ ಎಚ್ಚರವನ್ನು ಬೇಡುತ್ತವೆ. ಆ ಕೆಂಪು ಕಂಡ ವಸ್ತುವಲ್ಲ, ಲೆಕ್ಕಾಚಾರದ ಫಲ. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಎಂ.ಆರ್.ಐ. ಯಂತ್ರದಲ್ಲಿಟ್ಟು, ಮನುಷ್ಯರ ಭಾವಚಿತ್ರಗಳನ್ನು ಅದಕ್ಕೆ 'ತೋರಿಸಿ', ಅಗತ್ಯವಾದ ಸಂಖ್ಯಾಶಾಸ್ತ್ರೀಯ ತಿದ್ದುಪಡಿಯಿಲ್ಲದೆ ಲೆಕ್ಕ ಹಾಕಿದರು. ಸತ್ತ ಮೀನಿನ ಮೆದುಳೂ ಚಟುವಟಿಕೆ ತೋರಿಸಿತು! ತಿದ್ದುಪಡಿ ಮಾಡಿದಾಗ ಆ ಕೆಂಪು ಮಾಯವಾಯಿತು. ಸಹೋದ್ಯೋಗಿಗಳನ್ನು ಎಚ್ಚರಿಸಲೆಂದೇ ಅವರು ಇದನ್ನು ಪ್ರಕಟಿಸಿದರು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ವಿಜ್ಞಾನದ ಚಿತ್ರ ಏಕಕಾಲಕ್ಕೆ ಸಾಕ್ಷ್ಯವೂ ಹೌದು, ವಾದವೂ ಹೌದು. ಚಿತ್ರಕಾರ ಆರಿಸಿಕೊಳ್ಳುತ್ತಾನೆ, ಬಿಡುತ್ತಾನೆ, ಜೋಡಿಸುತ್ತಾನೆ. ಅದು ದೋಷವಲ್ಲ, ಅನಿವಾರ್ಯ. ಚಿತ್ರದ ಪ್ರಾಮಾಣ್ಯವನ್ನು ನಿರ್ಧರಿಸುವುದು ಅದರ ಹಿಂದಿನ ಪರೀಕ್ಷೆ, ಮತ್ತೊಂದು ವಿಧಾನಕ್ಕೆ ಅದು ತೋರುವ ಸಹಿಷ್ಣುತೆ, ತಪ್ಪಾದಾಗ ತಿದ್ದಿಕೊಳ್ಳುವ ಮನಸ್ಸು. ಲಿಯೊನಾರ್ಡೊ ಅವರ ಮೇಣ, ವೆಸೇಲಿಯಸ್ ಅವರ ತಪ್ಪೊಪ್ಪಿಗೆ, ವಿಲ್ಲಿಸ್ ತಂಡದ ಬಣ್ಣದ ದ್ರವ, ಕಹಾಲ್ ಅವರ ಎರಡನೆಯ ವರ್ಣಕ ಇವೆಲ್ಲ ಸಾರುವುದು ಇದನ್ನೇ. ಕಹಾಲ್ ಅವರ ಸಾವಿರಾರು ಮೂಲಚಿತ್ರಗಳನ್ನು ಮ್ಯಾಡ್ರಿಡ್‌ನಲ್ಲಿ ಸಂರಕ್ಷಿಸಲಾಗಿದೆ. 2017ರಲ್ಲಿ ಯುನೆಸ್ಕೊ ಅವರ ಸಂಗ್ರಹವನ್ನು ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಕಲಾಕೃತಿಗಳೆಂದು ಮೆಚ್ಚಿ ಗೋಡೆಗೆ ತೂಗುಹಾಕುವ ಮುನ್ನ ಅವುಗಳನ್ನು ದಾಖಲೆಗಳೆಂದು ಓದುವುದು ಅವರಿಗೆ ಸಲ್ಲಿಸುವ ನಿಜವಾದ ಗೌರವ.

ನಮ್ಮ ಶಾಲೆಗಳಿಗೂ ಇದರಿಂದ ಒಂದು ಪಾಠವಿದೆ. ನರಕೋಶದ ಚಿತ್ರವನ್ನು ಮಕ್ಕಳಿಂದ ಬರೆಯಿಸುವಾಗ ಭಾಗಗಳ ಹೆಸರು ಮಾತ್ರವಲ್ಲದೆ, ಆ ಭಾಗಗಳು ತಿಳಿದುಬಂದುದು ಹೇಗೆ ಎಂಬುದನ್ನೂ ಎರಡು ಮಾತಿನಲ್ಲಿ ಹೇಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೆದುಳಿನ ಸಂಗ್ರಹಾಲಯದಲ್ಲಿ ನಿಜವಾದ ಮೆದುಳನ್ನು ಕಂಡ ವಿದ್ಯಾರ್ಥಿಗೆ, ಪುಸ್ತಕದ ಚಿತ್ರ ಎಷ್ಟನ್ನು ಬಿಟ್ಟಿದೆ ಎಂಬುದು ಹೇಳದೆಯೇ ತಿಳಿಯುತ್ತದೆ. 'ಭಾಗಗಳನ್ನು ಗುರುತಿಸಿ' ಎಂಬ ಪ್ರಶ್ನೆಯ ಜೊತೆಗೆ 'ಇಲ್ಲಿ ಪೆನ್ಸಿಲನ್ನು ಏಕೆ ಎತ್ತಿದಿರಿ?' ಎಂಬ ಇನ್ನೊಂದು ಪ್ರಶ್ನೆಯೂ ಇದ್ದರೆ, ಚಿತ್ರ ಬರೆಯುವ ಕೈಯೊಡನೆ ವಿಚಾರಿಸುವ ಬುದ್ಧಿಯೂ ಬೆಳೆದೀತು.